ಕೆಂಪು ಬಾಲದ ಕಳಿಂಗ ಕಂಡಾಗ

ಕರ್ನಾಟಕದಲ್ಲಿ ಹಕ್ಕಿ ನೋಡಲು ಕಲಿತವರಿಗೆ ಕಳಿಂಗ ಪಕ್ಷಿಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹೊಲದ ಬದುವಿನ ಜಾಲಿಯ ತುದಿಯಲ್ಲೋ ಕರೆಂಟು ತಂತಿಯ ಮೇಲೋ ಒಂಟಿಯಾಗಿ ಕೂತಿರುವ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಂತೆ ಕಾಣುವ, ಕೊಕ್ಕಿನ ತುದಿ ಬಾಗಿದ ಹಕ್ಕಿ ಎಂದರೆ ಕಳಿಂಗವೇ. ತಲೆ ಬೂದು, ಬಾಲ ಉದ್ದವಾಗಿದ್ದರೆ ಉದ್ದಬಾಲದ್ದು. ಮೈ ಪುಟ್ಟದಾಗಿ, ಬೆನ್ನು ಕಡು ಕೆಂಗಂದಾಗಿದ್ದರೆ ಬೇ-ಬ್ಯಾಕ್ಡ್. ಚಳಿಗಾಲದಲ್ಲಿ ತೋಟದಂಚಿನಲ್ಲಿ ಕರ್ಕಶವಾಗಿ ಚೀರುವ ಕಂದು ಬಣ್ಣದ್ದು ಕಂದು ಕಳಿಂಗ. ಉತ್ತರ ಕರ್ನಾಟಕದ ಒಣ ಬಯಲಿಗೆ ಹೋದರೆ ದೊಡ್ಡ ಗಾತ್ರದ ಬೂದು ಕಳಿಂಗ. ಈ ನಾಲ್ಕು ಗೊತ್ತಿದ್ದರೆ ಊರಿನ ಕೆಲಸ ಬಹುಮಟ್ಟಿಗೆ ನಡೆಯುತ್ತದೆ.

ಅದೇ ಕಣ್ಣನ್ನು ಹೊತ್ತು ದುಬೈಗೋ ಮಸ್ಕತ್ತಿಗೋ ಹೋದಾಗ ಲೆಕ್ಕ ತಪ್ಪುತ್ತದೆ.

ಕೊಲ್ಲಿ ನಾಡುಗಳಲ್ಲಿ ನೆಲೆಸಿರುವ ಕನ್ನಡಿಗರು ಕಡಿಮೆಯೇನಿಲ್ಲ. ಅವರಲ್ಲಿ ಶನಿವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಹೊರಡುವವರೂ ಇದ್ದಾರೆ. ಮಗಳ ಮನೆಗೋ ಮಗನ ಮನೆಗೋ ಎರಡು ತಿಂಗಳ ಮಟ್ಟಿಗೆ ಬಂದು, ಊರಿನ ಹವ್ಯಾಸವನ್ನು ಅಲ್ಲಿಯೂ ಮುಂದುವರಿಸುವ ಹಿರಿಯರೂ ಇದ್ದಾರೆ. ಇವರಿಗೆಲ್ಲ ಬೇಗನೆ ಎದುರಾಗುವ ಒಗಟೊಂದಿದೆ. ದುಬೈನ ಮುಶ್ರಿಫ್ ಉದ್ಯಾನದಂಥ ಜಾಗದಲ್ಲಿ, ಡಿಸೆಂಬರಿನ ಬೆಳಿಗ್ಗೆ, ಘಾಫ್ ಮರದ ಕೆಳಗೊಂಬೆಯಲ್ಲಿ ಒಂದು ಹಕ್ಕಿ ಕೂತಿರುತ್ತದೆ. ಘಾಫ್ ಎಂದರೆ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ. ಯುಎಇ ಅದನ್ನು ತನ್ನ ರಾಷ್ಟ್ರೀಯ ವೃಕ್ಷವಾಗಿಸಿಕೊಂಡಿದೆ. ಮರ ಪರಿಚಿತ, ಹಕ್ಕಿಯ ಆಕಾರವೂ ಪರಿಚಿತ. ಮೈ ಮರಳಿನ ಬಣ್ಣ, ಕಣ್ಣಿನ ಹಿಂದೆ ಕಪ್ಪು ಪಟ್ಟಿ, ಬಾಲ ಮಾತ್ರ ಇಟ್ಟಿಗೆಗೆಂಪು. ಹಕ್ಕಿ ನೆಲಕ್ಕೆ ಜಿಗಿಯುತ್ತದೆ, ಒಂದು ಜೀರುಂಡೆಯನ್ನು ಹಿಡಿದು ಮತ್ತೆ ಅದೇ ಕೊಂಬೆಗೆ ಬರುತ್ತದೆ, ಕೂತ ಮೇಲೆ ಬಾಲವನ್ನು ಆಚೀಚೆ ತೂಗುತ್ತದೆ. ಊರಿನ ಅಭ್ಯಾಸದ ಮೇಲೆ ‘ಕಂದು ಕಳಿಂಗ’ ಎಂದು ಬರೆದುಕೊಳ್ಳುವವರು ಇಲ್ಲಿಯೇ ಎಡವುತ್ತಾರೆ. ಕರ್ನಾಟಕದ ಚಳಿಗಾಲದಲ್ಲಿ ಎಲ್ಲೆಡೆ ಸಿಗುವ ಕಂದು ಕಳಿಂಗ ಅರಬ್ ನಾಡಿನಲ್ಲಿ ಅಪರೂಪದ ಅತಿಥಿ. ಅಲ್ಲಿ ದಿನನಿತ್ಯ ಕಾಣುವುದು ಬೇರೆಯದೇ ಒಂದು ಬಳಗ.

ಆ ಬಳಗದಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಇಸಬೆಲ್ಲೈನ್ ಶ್ರೈಕ್. ಇದನ್ನು ಡೌರಿಯನ್ ಶ್ರೈಕ್ ಎಂದೂ ಕರೆಯುತ್ತಾರೆ. ಮಂಗೋಲಿಯಾ, ಅದರ ಆಸುಪಾಸಿನ ದಕ್ಷಿಣ ಸೈಬೀರಿಯಾ ಮತ್ತು ಉತ್ತರ ಚೀನಾದಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ಅರೇಬಿಯಾ ಮತ್ತು ಈಶಾನ್ಯ ಆಫ್ರಿಕಾಕ್ಕೆ ಬರುತ್ತದೆ. ಎರಡನೆಯದು ರೆಡ್-ಟೇಲ್ಡ್ ಶ್ರೈಕ್, ಅಂದರೆ ತುರ್ಕಿಸ್ತಾನ್ ಶ್ರೈಕ್. ಇದರ ತವರು ಕಜಕಸ್ತಾನ, ಉಜ್ಬೆಕಿಸ್ತಾನ, ತುರ್ಕಮೆನಿಸ್ತಾನದಿಂದ ಇರಾನ್ ಮತ್ತು ಅಫ್ಘಾನಿಸ್ತಾನದವರೆಗೆ. ಇದರಲ್ಲಿ ಹೆಚ್ಚಿನವು ಪೂರ್ವ ಆಫ್ರಿಕಾದಲ್ಲಿ ಚಳಿಗಾಲ ಕಳೆಯುತ್ತವೆ, ಅರೇಬಿಯಾ ಅವುಗಳ ದಾರಿಯಲ್ಲಿ ಸಿಗುವ ತಂಗುದಾಣ. ಎರಡನ್ನೂ ಬಹುಕಾಲ ಒಂದೇ ಪ್ರಭೇದದ ಉಪಜಾತಿಗಳೆಂದು ಎಣಿಸಲಾಗಿತ್ತು. ಹಳೆಯ ಕೆಲವು ಪುಸ್ತಕಗಳಲ್ಲಂತೂ ಯುರೋಪಿನ ರೆಡ್-ಬ್ಯಾಕ್ಡ್ ಶ್ರೈಕ್ ಜೊತೆಗೇ ಇವನ್ನು ಸೇರಿಸಿದ್ದರು. ಕಪಾಟಿನಲ್ಲಿರುವ ಪುಸ್ತಕಕ್ಕೂ ಮೊಬೈಲಿನಲ್ಲಿರುವ ಪಟ್ಟಿಗೂ ಹೆಸರು ಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಪುಸ್ತಕ ಅಚ್ಚಾದ ವರ್ಷ ನೋಡಿದರೆ ಕಾರಣ ತಿಳಿಯುತ್ತದೆ.

ಗುರುತಿಸುವಾಗ ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಬಾಲ. ಬರೀ ಬಾಲವಲ್ಲ, ಬೆನ್ನಿಗೂ ಬಾಲಕ್ಕೂ ಇರುವ ಬಣ್ಣದ ಅಂತರ. ಇಸಬೆಲ್ಲೈನ್ ಮತ್ತು ರೆಡ್-ಟೇಲ್ಡ್ ಎರಡರಲ್ಲೂ ಬೆನ್ನು ಒಂದು ಬಣ್ಣ, ಬಾಲದ ಬುಡದಿಂದ ತುದಿಯವರೆಗೆ ಇನ್ನೊಂದೇ ಬಣ್ಣ; ಹಕ್ಕಿ ಬೆನ್ನು ತೋರಿಸಿ ಹಾರಿದರೆ ಕೆಂಪು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಕಂದು ಕಳಿಂಗದಲ್ಲಿ ಬೆನ್ನಿನ ಕಂದೇ ಸ್ವಲ್ಪ ಕೆಂಪಾಗಿ ಬಾಲಕ್ಕೆ ಇಳಿಯುತ್ತದೆ, ಅಂಥ ಅಂತರ ಕಾಣುವುದಿಲ್ಲ. ಜೊತೆಗೆ ಅದರ ಬಾಲದ ಗರಿಗಳು ಕಿರಿದು. ಹೊರಗಿನ ಗರಿಗಳು ನಡುವಿನವಕ್ಕಿಂತ ಎದ್ದು ಕಾಣುವಷ್ಟು ಗಿಡ್ಡ. ಕೊಕ್ಕು ದಪ್ಪ, ತಲೆ ಭಾರ. ರೆಕ್ಕೆ ಮಡಚಿದಾಗ ಹೊರಚಾಚುವ ಗರಿಗಳ ಉದ್ದವೂ ಕಡಿಮೆ. ಗಂಡಿನ ರೆಕ್ಕೆಯಲ್ಲಿ, ದೊಡ್ಡ ಗರಿಗಳ ಬುಡದಲ್ಲಿ, ಒಂದು ಬಿಳಿ ಮಚ್ಚೆ ಇದ್ದರೆ ಕಂದು ಕಳಿಂಗದ ಹೆಸರನ್ನು ಅಲ್ಲಿಗೇ ಕೈಬಿಡಬಹುದು.

ಬಾಲವನ್ನು ಮೇಲಿನಿಂದ ನೋಡಿದರೆ ಸಾಲದು, ಕೆಳಗಿನಿಂದಲೂ ನೋಡಬೇಕು. ಇದು ಬಹುಮಂದಿ ಬಿಟ್ಟುಬಿಡುವ ಲಕ್ಷಣ. ತಲೆಯ ಮೇಲಿನ ಕೊಂಬೆಯಲ್ಲಿ ಹಕ್ಕಿ ಕೂತಾಗ ಬಾಲದ ಅಡಿಭಾಗ ಚೆನ್ನಾಗಿ ಕಾಣುತ್ತದೆ: ಇಸಬೆಲ್ಲೈನ್ ಮತ್ತು ರೆಡ್-ಟೇಲ್ಡ್‌ಗಳಲ್ಲಿ ಅಡಿಭಾಗವೂ ಕೆಂಪುಛಾಯೆಯದು, ರೆಡ್-ಬ್ಯಾಕ್ಡ್ ಶ್ರೈಕ್‌ನ ಹೆಣ್ಣು ಮತ್ತು ಮರಿಗಳಲ್ಲಿ ಅದು ಬೂದು. ಏಪ್ರಿಲ್–ಮೇ ತಿಂಗಳಲ್ಲೂ ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೂ ಯುರೋಪಿನ ರೆಡ್-ಬ್ಯಾಕ್ಡ್‌ಗಳು ದಕ್ಷಿಣ ಆಫ್ರಿಕಾದ ದಾರಿಯಲ್ಲಿ ಅರೇಬಿಯಾವನ್ನು ದಾಟುವುದರಿಂದ ಈ ಒಂದು ಅಂಶ ಹಲವು ತಕರಾರುಗಳನ್ನು ಬಗೆಹರಿಸುತ್ತದೆ. ರೆಡ್-ಬ್ಯಾಕ್ಡ್ ಗಂಡಿನದು ಬೇರೆ ಮಾತು. ಬೂದು ನೆತ್ತಿ, ಕೆಂಗಂದು ಬೆನ್ನು, ಕಪ್ಪು-ಬಿಳಿ ಬಾಲ, ಎದೆಯ ಮೇಲೆ ತೆಳುಗುಲಾಬಿ; ಅದನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ.

ಇಷ್ಟಾದ ಮೇಲೆ ಹೆಸರಿಗೆ ಧಾವಿಸುವ ಬದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಹಕ್ಕಿ ಗಂಡೇ, ಹೆಣ್ಣೇ, ಅಥವಾ ಈ ವರ್ಷ ಹುಟ್ಟಿದ ಮರಿಯೇ? ಕಳಿಂಗಗಳ ವಿಷಯದಲ್ಲಿ ವಯಸ್ಸು ಮತ್ತು ಲಿಂಗ ಮೊದಲು, ಪ್ರಭೇದ ಆಮೇಲೆ. ಈ ಕ್ರಮ ತಿರುಗುಮುರುಗಾದಾಗಲೇ ಹೆಚ್ಚಿನ ತಪ್ಪುಗಳಾಗುತ್ತವೆ, ಏಕೆಂದರೆ ಒಂದು ಪ್ರಭೇದದ ಹೆಣ್ಣಿಗೂ ಇನ್ನೊಂದು ಪ್ರಭೇದದ ಮರಿಗೂ ಇರುವ ಹೋಲಿಕೆ ಆ ಪ್ರಭೇದಗಳ ಗಂಡುಗಳ ನಡುವೆ ಇರುವುದಿಲ್ಲ. ಪುಸ್ತಕದ ಚಿತ್ರಗಳಲ್ಲಿ ದೊಡ್ಡದಾಗಿ ಬರೆದಿರುವುದು ಗಂಡು. ಚಳಿಗಾಲದಲ್ಲಿ ಎದುರಾಗುವವುಗಳಲ್ಲಿ ಹೆಣ್ಣುಗಳೂ ಎಳೆಯವೂ ಬಹಳ.

ವಯಸ್ಕ ಗಂಡಿನ ಗುರುತು ಸುಲಭ. ಕಣ್ಣಿನ ಪಟ್ಟಿ, ಅಂದರೆ ಮುಖವಾಡ, ಅಚ್ಚಗಪ್ಪು, ಅಂಚು ಸ್ಪಷ್ಟ, ರೆಕ್ಕೆಯಲ್ಲಿ ಬಿಳಿ ಮಚ್ಚೆ, ಎದೆ-ಪಕ್ಕೆಯಲ್ಲಿ ಗೆರೆಗಳಿಲ್ಲ. ವಸಂತದ ಹೊತ್ತಿಗೆ ಕೊಕ್ಕು ಪೂರ್ತಿ ಕಪ್ಪಾಗುತ್ತದೆ. ಹೆಣ್ಣಿನಲ್ಲಿ ಮುಖವಾಡ ಕಂದಾಗಿ ಮಾಸಿರುತ್ತದೆ, ಕಣ್ಣಿಗೂ ಕೊಕ್ಕಿಗೂ ನಡುವೆ ಅದು ತೆಳುವಾಗುತ್ತದೆ, ಎದೆ-ಪಕ್ಕೆಗಳಲ್ಲಿ ಸಣ್ಣ ಅಲೆಗೆರೆಗಳಿರುತ್ತವೆ. ರೆಕ್ಕೆಯ ಮಚ್ಚೆ ಚಿಕ್ಕದು, ಕೆಲವೊಮ್ಮೆ ಇರುವುದೇ ಇಲ್ಲ. ಮೊದಲ ಚಳಿಗಾಲದ ಮರಿಯಲ್ಲಿ ಕೊಕ್ಕಿನ ಬುಡ ಗುಲಾಬಿಯಂತೆ ತಿಳಿಯಾಗಿದ್ದು, ರೆಕ್ಕೆಯ ಗರಿಗಳ ಅಂಚಿನಲ್ಲಿ ತಿಳಿಬಣ್ಣದ ಪಟ್ಟಿ, ಅದರ ಒಳಗೆ ಕಪ್ಪನೆಯ ಸಣ್ಣ ಗೆರೆ ಉಳಿದಿರುತ್ತದೆ. ಈ ಗೆರೆಯನ್ನು ಬೈನಾಕ್ಯುಲರಿನಲ್ಲಿ ಹುಡುಕುವುದು ಕಷ್ಟ. ಫೋಟೋವನ್ನು ಹಿಗ್ಗಿಸಿ, ರೆಕ್ಕೆಯ ಒಳಭಾಗದಲ್ಲಿ ಬೆನ್ನಿಗೆ ಅಂಟಿಕೊಂಡಂತಿರುವ ಮೂರು ಅಗಲ ಗರಿಗಳನ್ನು ನೋಡಿದರೆ ಸಿಗುತ್ತದೆ. ಬೆನ್ನಿನ ತುಂಬ ದಟ್ಟ ಅಡ್ಡಗೆರೆಗಳಿದ್ದರೆ ಅದು ಶರತ್ಕಾಲದ ರೆಡ್-ಬ್ಯಾಕ್ಡ್ ಮರಿ ಎನ್ನಲು ಹೆಚ್ಚು ಕಾರಣವಿದೆ: ಅದು ಆ ಗೆರೆಗಳ ಗರಿಗಳನ್ನು ಆಫ್ರಿಕಾ ತಲುಪುವವರೆಗೂ ಹೊತ್ತೊಯ್ಯುತ್ತದೆ; ಕೆಂಪು ಬಾಲದ ಎರಡೂ ಕಳಿಂಗಗಳ ಮರಿಗಳು ಅಷ್ಟರಲ್ಲಿ ಬೆನ್ನಿನ ಗರಿಗಳನ್ನು ಬಹುಪಾಲು ಬದಲಿಸಿ ಮುಗಿಸಿರುತ್ತವೆ.

ಈಗ ಎರಡರ ನಡುವಿನ ಆಯ್ಕೆ. ರೆಡ್-ಟೇಲ್ಡ್ ಗಂಡಿನಲ್ಲಿ ಎಲ್ಲವೂ ಒಡೆದು ಕಾಣುತ್ತದೆ. ನೆತ್ತಿ ಕೆಂಗಂದು, ಬೆನ್ನು ಬೂದುಗಂದು; ಇವೆರಡಕ್ಕೂ ಗೆರೆ ಎಳೆದಷ್ಟು ವ್ಯತ್ಯಾಸ. ಅಗಲವಾದ ಮುಖವಾಡದ ಮೇಲೆ ಬಿಳಿ ಹುಬ್ಬು, ಗಂಟಲು ಮತ್ತು ಹೊಟ್ಟೆ ಬಿಳಿ. ಇಸಬೆಲ್ಲೈನ್ ಗಂಡಿನಲ್ಲಿ ನೆತ್ತಿಗೂ ಬೆನ್ನಿಗೂ ಹೆಚ್ಚುಕಡಿಮೆ ಒಂದೇ ಮರಳುಬೂದು. ಹಣೆಯ ಮೇಲೆ ಮಾತ್ರ ಒಮ್ಮೊಮ್ಮೆ ಕೆಂಪಿನ ಸುಳಿವು. ಹುಬ್ಬು ಕೆನೆಬಣ್ಣದ್ದು, ಎದೆ ಮತ್ತು ಪಕ್ಕೆಗಳಿಗೆ ಕಿತ್ತಳೆ ಬೆರೆತ ಕೆನೆಬಣ್ಣ. ಒಂದೇ ಮಾತಿನಲ್ಲಿ ಹೇಳುವುದಾದರೆ ರೆಡ್-ಟೇಲ್ಡ್‌ನಲ್ಲಿ ಬಣ್ಣಗಳು ಬೇರೆಬೇರೆಯಾಗಿ ನಿಲ್ಲುತ್ತವೆ, ಇಸಬೆಲ್ಲೈನ್‌ನಲ್ಲಿ ಒಂದರೊಳಗೊಂದು ಕರಗುತ್ತವೆ.

ಹೆಣ್ಣು ಮತ್ತು ಮರಿಗಳಲ್ಲೂ ಇದೇ ಸೂತ್ರ ನಡೆಯುತ್ತದೆ, ಆದರೆ ಮೆಲುದನಿಯಲ್ಲಿ. ರೆಡ್-ಟೇಲ್ಡ್ ಮರಿಯ ಬೆನ್ನು ಹೆಚ್ಚು ಗಾಢ, ಹೊಟ್ಟೆ ಹೆಚ್ಚು ಬಿಳಿ, ಪಕ್ಕೆಯ ಅಲೆಗೆರೆಗಳು ಕಪ್ಪಾಗಿ ತೋರುತ್ತವೆ, ಹುಬ್ಬು ಬೆಳ್ಳಗೆ ಬಿಡಿಸಿಕೊಂಡಿರುತ್ತದೆ. ಇಸಬೆಲ್ಲೈನ್ ಮರಿಯ ಮೈಯೆಲ್ಲ ತಿಳಿ ಮರಳುಬಣ್ಣ, ಅಲೆಗೆರೆಗಳು ಕೆನೆಬಣ್ಣದ ಹೊಟ್ಟೆಯ ಮೇಲೆ ಮಸುಕಾಗಿ ಕಂಡೂ ಕಾಣದಂತಿರುತ್ತವೆ. ಇಲ್ಲಿ ಮರುಭೂಮಿಯ ಬೆಳಕು ದೊಡ್ಡ ತೊಡಕು. ಬೆಳಗಿನ ಎಳೆಬಿಸಿಲು, ಮರಳಿನಿಂದ ಮೇಲಕ್ಕೆ ಚಿಮ್ಮುವ ಬೆಳಕು, ಎರಡೂ ಸೇರಿ ಬಿಳಿ ಹೊಟ್ಟೆಗೂ ಕೆನೆಬಣ್ಣ ಬಳಿದುಬಿಡುತ್ತವೆ. ನಡುಹಗಲಿನ ಉರಿಬಿಸಿಲಲ್ಲಿ ಕೆನೆಬಣ್ಣವೂ ಬಿಳಿಯಾಗುತ್ತದೆ. ಆದ್ದರಿಂದ ಒಂದೇ ಫೋಟೋದ ಬಣ್ಣವನ್ನು ನಂಬಿ ತೀರ್ಪು ಕೊಡಬಾರದು. ಹಕ್ಕಿ ನೆರಳಿಗೆ ಬರುವವರೆಗೆ ಕಾಯಬೇಕು. ಕ್ಯಾಮೆರಾದ ಎಕ್ಸ್‌ಪೋಷರ್ ತುಸು ತಗ್ಗಿಸಿ ತೆಗೆದ ಚಿತ್ರಗಳಲ್ಲಿ ತಿಳಿಬಣ್ಣಗಳ ವ್ಯತ್ಯಾಸ ಉಳಿದುಕೊಳ್ಳುತ್ತದೆ.

ಕಾಯುವುದರಲ್ಲಿ ಒಂದು ಅನುಕೂಲವೂ ಇದೆ. ಚಳಿಗಾಲದಲ್ಲಿ ಈ ಕಳಿಂಗಗಳು ತಮ್ಮದೆಂದು ಒಂದು ಜಾಗ ಹಿಡಿದು, ಬೇರೆ ಕಳಿಂಗ ಬಂದರೆ ಓಡಿಸುತ್ತವೆ. ಬೇಟೆಯ ಕೊಂಬೆಗಳು ಬಹುತೇಕ ನಿಗದಿ. ಈ ಶನಿವಾರ ಸರಿಯಾಗಿ ಕಾಣದ ಹಕ್ಕಿ ಮುಂದಿನ ಶನಿವಾರ ಅದೇ ಪೊದೆಯ ಬಳಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಹಿಂದೆ ಹಿಂದೆ ಓಡಿಸಿಕೊಂಡು ಹೋಗುವುದಕ್ಕಿಂತ ಆ ಕೊಂಬೆಯಿಂದ ದೂರ ಕೂತರೆ ಹಕ್ಕಿ ತಾನೇ ಹತ್ತಿರ ಬಂದು ಬೇಟೆಯಾಡುತ್ತದೆ. ಹಿಡಿದ ಜೀರುಂಡೆಯನ್ನೋ ಹಲ್ಲಿಯನ್ನೋ ಮುಳ್ಳಿಗೆ ಸಿಕ್ಕಿಸುವುದೂ ಕಾಣಬಹುದು. ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯುವ ಅಗತ್ಯವೇ ಇಲ್ಲ, ಅದು ಹಕ್ಕಿಗೆ ಮಾಡುವ ಅನ್ಯಾಯವೂ ಹೌದು.

ಇಷ್ಟೆಲ್ಲ ನೋಡಿದ ಮೇಲೂ ಯಾವ ಚಿತ್ರಕ್ಕೂ ಹೊಂದದ ಹಕ್ಕಿ ಸಿಕ್ಕರೆ? ಸಿಗುತ್ತದೆ. ಕಜಕಸ್ತಾನದಲ್ಲಿ ರೆಡ್-ಬ್ಯಾಕ್ಡ್ ಮತ್ತು ರೆಡ್-ಟೇಲ್ಡ್ ಶ್ರೈಕ್‌ಗಳ ಸಂತಾನನೆಲೆಗಳು ಕೂಡುವ ಕಡೆ ಅವು ಬೆರೆತು ಮರಿ ಮಾಡುತ್ತವೆ. ಆ ಮಿಶ್ರತಳಿಗಳೂ ವಲಸೆ ಹೋಗುತ್ತವೆ, ಅರೇಬಿಯಾದ ದಾರಿಯಲ್ಲೇ. ನೆತ್ತಿ ಬೂದು ಆದರೆ ಬಾಲ ಕೆಂಪು, ಅಥವಾ ಬೆನ್ನು ಕೆಂಗಂದು ಆದರೆ ಬಾಲದಲ್ಲಿ ಕಪ್ಪಿನ ಜೊತೆ ಕೆಂಪು, ಹೀಗೆ ಲಕ್ಷಣಗಳು ಕಲಸಿಹೋಗಿರುತ್ತವೆ. ಮೇಲ್ಮೈಯೆಲ್ಲ ಬೂದಾಗಿ, ಕೆಂಪು ಬಾಲವಿರುವ ಒಂದು ರೂಪಕ್ಕೆ ಕರೆಲಿನಿ ಎಂಬ ಹೆಸರೂ ಇದೆ. ಅದು ಮಿಶ್ರತಳಿಯೋ ರೆಡ್-ಟೇಲ್ಡ್‌ನದೇ ಒಂದು ಬಣ್ಣಭೇದವೋ ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ.

ಮಿಶ್ರತಳಿ ಎಷ್ಟು ಸತಾಯಿಸಬಲ್ಲದು ಎಂಬುದಕ್ಕೆ 2015ರ ಮೆಂಡೊಸಿನೊ ಪ್ರಕರಣ ಒಳ್ಳೆಯ ಪಾಠ. ಆ ವರ್ಷದ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯ ಕರಾವಳಿಯಲ್ಲಿ ಏಷ್ಯಾದ ಕಡೆಯ ಒಂದು ಕಳಿಂಗ ಕಾಣಿಸಿಕೊಂಡಿತು. ಅಮೆರಿಕದ ಪಶ್ಚಿಮ ತೀರಕ್ಕೆ ದಾರಿ ತಪ್ಪಿ ಬರುವುದಾದರೆ ಕಂದು ಕಳಿಂಗವೇ ಬರಬೇಕು ಎಂಬ ನಿರೀಕ್ಷೆಯಂತೆ ಮೊದಲಿಗೆ ಅದನ್ನು ಹಾಗೆಯೇ ಕರೆದರು. ಹಕ್ಕಿ ವಾರಗಟ್ಟಲೆ ಅಲ್ಲೇ ಉಳಿಯಿತು, ಗರಿ ಬದಲಿಸತೊಡಗಿತು, ಹೊಸ ಗರಿಗಳ ಬಣ್ಣ ಕಂದು ಕಳಿಂಗಕ್ಕೆ ಒಪ್ಪಲಿಲ್ಲ. ಚರ್ಚೆ ರೆಡ್-ಬ್ಯಾಕ್ಡ್ ಕಡೆಗೆ ತಿರುಗಿತು. ಕೊನೆಗೆ ಫೋಟೋಗಳಲ್ಲಿ ಒಂದೊಂದೇ ಗರಿಯನ್ನು ಪರಿಶೀಲಿಸಿದವರು ರೆಡ್-ಬ್ಯಾಕ್ಡ್ ಮತ್ತು ತುರ್ಕಿಸ್ತಾನ್‌ಗಳ ಮಿಶ್ರತಳಿಯಾಗಿರುವ ಸಂಭವವೇ ಹೆಚ್ಚು ಎಂದರು. ಜಗತ್ತಿನ ನುರಿತ ಕಣ್ಣುಗಳಿಗೇ ಅಷ್ಟು ಕಾಲ ಬೇಕಾಯಿತು. ಆ ಹಕ್ಕಿಯ ಕತೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಬೇರೆಬೇರೆ ದಿನ, ಬೇರೆಬೇರೆ ಕೋನದಲ್ಲಿ ಹಲವರು ತೆಗೆದಿಟ್ಟ ಚಿತ್ರಗಳು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 2022ರದು. ಆ ಜುಲೈನಲ್ಲಿ ಇಂಗ್ಲೆಂಡಿನ ಪೂರ್ವ ಯಾರ್ಕ್‌ಶೈರ್ ಕರಾವಳಿಯ ಬೆಂಪ್ಟನ್‌ನಲ್ಲಿ ತುರ್ಕಿಸ್ತಾನ್ ಶ್ರೈಕ್‌ನ ಗಂಡೊಂದು ಬಂದಿಳಿದು, ದೇಶದ ಮೂಲೆಮೂಲೆಯಿಂದ ಜನರನ್ನು ಸೆಳೆಯಿತು. ಅದು ವಯಸ್ಕ ಗಂಡಾಗಿದ್ದುದರಿಂದ ನೆತ್ತಿ, ಹುಬ್ಬು, ಹೊಟ್ಟೆ ಎಲ್ಲ ಸ್ಪಷ್ಟವಾಗಿದ್ದವು. ಅದೇ ಹಕ್ಕಿ ಮೊದಲ ಚಳಿಗಾಲದ ಮರಿಯಾಗಿ ಅಕ್ಟೋಬರಿನಲ್ಲಿ ಬಂದಿದ್ದರೆ ವಾದಕ್ಕೆ ಬೇಕಾದಷ್ಟು ಅವಕಾಶವಿರುತ್ತಿತ್ತು.

ಅರೇಬಿಯಾದಲ್ಲಿ ಬೂದು ಬಣ್ಣದ ದೊಡ್ಡ ಕಳಿಂಗಗಳೂ ಇವೆ, ಅವುಗಳ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ವರ್ಷವಿಡೀ ಇರುವ ಸ್ಥಳೀಯ ರೂಪದಲ್ಲಿ ಕಣ್ಣಿಗೂ ಕೊಕ್ಕಿಗೂ ನಡುವಿನ ಜಾಗ ಕಪ್ಪು, ಆ ಕಪ್ಪು ಕೊಕ್ಕಿನ ಬುಡದ ಮೇಲೂ ಸಣ್ಣದಾಗಿ ಹಾಯುತ್ತದೆ. ಕೊಕ್ಕು ಕಪ್ಪು, ಎದೆಯ ಪಕ್ಕದಲ್ಲಿ ಬೂದು ಛಾಯೆ. ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಸ್ಟೆಪ್ ಗ್ರೇ ಶ್ರೈಕ್‌ನಲ್ಲಿ ಆ ಜಾಗ ತಿಳಿ, ಮುಖವಾಡ ಕಣ್ಣಿನ ಹಿಂದಕ್ಕೆ ಸರಿದಂತೆ, ಕೊಕ್ಕು ತಿಳಿ, ಹಾರುವಾಗ ರೆಕ್ಕೆಯ ಬಿಳಿ ದೊಡ್ಡದಾಗಿ ಬಿಚ್ಚಿಕೊಳ್ಳುತ್ತದೆ. ಮುಖ ಒಂದನ್ನೇ ಸರಿಯಾಗಿ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಊರಿನ ಪರಿಚಯ ಕೈಕೊಡುವಂತೆಯೇ ಕೈ ಹಿಡಿಯುವ ಸಂದರ್ಭಗಳೂ ಇವೆ. ಬೇ-ಬ್ಯಾಕ್ಡ್ ಮತ್ತು ಉದ್ದಬಾಲದ ಕಳಿಂಗಗಳು ಯುಎಇಯಲ್ಲಿ ಅಪರೂಪ. ಹಂಪಿಯ ಬಂಡೆಗಳ ನಡುವೆಯೋ ತುಮಕೂರಿನ ಕುರುಚಲು ಕಾಡಿನಲ್ಲಿಯೋ ಅವನ್ನು ನೂರು ಸಲ ನೋಡಿರುವ ಕನ್ನಡಿಗ ಅಂಥದ್ದೊಂದನ್ನು ಅಲ್ಲಿ ಕಂಡರೆ, ಸ್ಥಳೀಯ ವೀಕ್ಷಕರಿಗಿಂತ ಬೇಗ ಗುರುತಿಸಬಲ್ಲ. ಕಂದು ಕಳಿಂಗದ ದಪ್ಪ ಕೊಕ್ಕು, ಕಿರಿದಾದ ಬಾಲ ಕೂಡ ಅಂಥ ಕಣ್ಣಿಗೆ ಚೆನ್ನಾಗಿ ಗೊತ್ತು. ಹಿಂದಿರುಗುವ ದಿಕ್ಕಿನಲ್ಲೂ ಈ ಕಲಿಕೆ ಉಪಯೋಗಕ್ಕೆ ಬರುತ್ತದೆ: ಇಸಬೆಲ್ಲೈನ್ ಬಳಗ ಗುಜರಾತ್, ರಾಜಸ್ಥಾನದ ಒಣನೆಲಗಳಿಗೆ ಪ್ರತಿ ಚಳಿಗಾಲ ಬರುತ್ತದೆ, ದಕ್ಷಿಣ ಭಾರತದಲ್ಲಿ ತೀರ ವಿರಳ. ಕಛ್‌ನ ಪ್ರವಾಸಕ್ಕೆ ಹೋಗುವವರು ದುಬೈನಲ್ಲಿ ಕಲಿತ ಪಾಠವನ್ನೇ ಅಲ್ಲಿಯೂ ಬಳಸಬಹುದು.

ಹೊರಡುವ ಮುನ್ನ ಓದಬೇಕೆನ್ನುವವರಿಗೆ ರಿಚರ್ಡ್ ಪೋರ್ಟರ್ ಮತ್ತು ಸೈಮನ್ ಆಸ್ಪಿನಾಲ್ ಅವರ ‘ಬರ್ಡ್ಸ್ ಆಫ್ ದ ಮಿಡಲ್ ಈಸ್ಟ್’ ಒಳ್ಳೆಯ ಕೈಪಿಡಿ. ರೆಡ್-ಬ್ಯಾಕ್ಡ್, ಇಸಬೆಲ್ಲೈನ್ ಮತ್ತು ಕಂದು ಕಳಿಂಗಗಳನ್ನು ಬೇರ್ಪಡಿಸುವ ಬಗ್ಗೆ ಟಿಮ್ ವರ್ಫೋಕ್ 2000ರಲ್ಲಿ ‘ಡಚ್ ಬರ್ಡಿಂಗ್’ ಪತ್ರಿಕೆಗೆ ಬರೆದ ಸಚಿತ್ರ ಲೇಖನವನ್ನು ಈಗಲೂ ಹುಡುಕಿ ಓದಬೇಕು. ಮೊಬೈಲಿನ ಮರ್ಲಿನ್ ಆಪ್ ಫೋಟೋ ನೋಡಿ ಹೆಸರು ಸೂಚಿಸುತ್ತದೆ, ಗಂಡುಗಳ ವಿಷಯದಲ್ಲಿ ನೆರವಿಗೂ ಬರುತ್ತದೆ. ಎಳೆಯ ಹಕ್ಕಿಯ ಒಂದೇ ಚಿತ್ರ ಕೊಟ್ಟು ಅದು ಹೇಳಿದ್ದನ್ನು ಹಾಗೆಯೇ ದಾಖಲಿಸುವುದು ಮಾತ್ರ ಸಲ್ಲದು.

ಕ್ಯಾಮೆರಾ ಹಿಡಿದಾಗ ಬೇಕಾದ ಚಿತ್ರಗಳು ಇವು: ಪಕ್ಕದಿಂದ ಇಡೀ ಹಕ್ಕಿ, ಹಿಂದಿನಿಂದ ಬೆನ್ನು ಮತ್ತು ಬಾಲ ಒಟ್ಟಿಗೆ, ಬಾಲದ ಅಡಿಭಾಗ, ಮಡಚಿದ ರೆಕ್ಕೆಯ ತುದಿ, ಮುಖ, ಸಾಧ್ಯವಾದರೆ ಮೈಮುರಿಯುವಾಗ ಬಿಚ್ಚಿದ ಬಾಲ. ನೆನಪು ಹಸಿಯಾಗಿರುವಾಗಲೇ ಬೆಳಕು, ಹೊತ್ತು, ದೂರ ಬರೆದುಕೊಂಡರೆ ಆಮೇಲೆ ಬಣ್ಣದ ಜಗಳಕ್ಕೆ ಸಾಕ್ಷಿಯಾಗುತ್ತದೆ. ಒಂದು ಎಚ್ಚರಿಕೆ: ಕೊಲ್ಲಿ ನಾಡುಗಳಲ್ಲಿ ಸೇನಾ ನೆಲೆ, ಬಂದರು, ಅರಮನೆ, ಸರ್ಕಾರಿ ಕಟ್ಟಡಗಳ ಹತ್ತಿರ ಉದ್ದ ಲೆನ್ಸ್ ಎತ್ತುವುದು ತೊಂದರೆಗೆ ದಾರಿ. ಅನುಮತಿಯಿಲ್ಲದೆ ಜನರ ಫೋಟೋ ತೆಗೆಯುವುದೂ ಅಪರಾಧ. ಉದ್ಯಾನಗಳಲ್ಲಿ ಮಕ್ಕಳು, ಹೆಂಗಸರು ಕೂತಿರುವ ಕಡೆಗೆ ಲೆನ್ಸ್ ತಿರುಗದಂತೆ ನಿಲ್ಲಬೇಕು.

ಯಾವಾಗ ಹೋಗಬೇಕು ಎಂಬುದೂ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಯುಎಇಯಲ್ಲಿ ಕಾಣುವ ಕೆಂಪು ಬಾಲದ ಕಳಿಂಗಗಳಲ್ಲಿ ಇಸಬೆಲ್ಲೈನ್‌ನ ಪಾಲು ದೊಡ್ಡದು. ಎರಡನ್ನೂ ಅಕ್ಕಪಕ್ಕದಲ್ಲಿ ಹೋಲಿಸಿ ನೋಡಲು ಮಾರ್ಚ್ ಮತ್ತು ಏಪ್ರಿಲ್ ಮೊದಲ ಭಾಗ ಹೇಳಿಮಾಡಿಸಿದ ಕಾಲ: ಆಫ್ರಿಕಾದಿಂದ ಮರಳುವ ರೆಡ್-ಟೇಲ್ಡ್ ಗಂಡುಗಳು ಹೊಸ ಗರಿಗಳಲ್ಲಿ ಉತ್ತರಕ್ಕೆ ಹಾಯುತ್ತಿರುತ್ತವೆ, ಇಸಬೆಲ್ಲೈನ್‌ಗಳು ಇನ್ನೂ ಹೊರಟಿರುವುದಿಲ್ಲ. ದುಬೈನ ಹಳೆಯ ಉದ್ಯಾನಗಳು, ಅಲ್ ಕುದ್ರಾ ಕೆರೆಗಳ ಸುತ್ತಲಿನ ಪೊದೆಗಳು, ಮಸ್ಕತ್ತಿನ ಅಲ್ ಅನ್ಸಬ್ ಜೌಗು, ಕುವೈತಿನ ಜಹ್ರಾ ಕೊಳಗಳು, ಹೀಗೆ ನೀರೂ ಮುಳ್ಳುಗಿಡವೂ ಕೂಡಿರುವ ಯಾವ ಜಾಗವಾದರೂ ಆದೀತು. ಪ್ರವೇಶದ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ದಾಖಲಿಸುವಾಗ, ಹಕ್ಕಿ ವೀಕ್ಷಕರ ಪಟ್ಟಿಗಳ ಜಾಲತಾಣವಾದ ಇಬರ್ಡ್‌ನಲ್ಲಿ ಇಸಬೆಲ್ಲೈನ್ ಅಥವಾ ರೆಡ್-ಟೇಲ್ಡ್ ಎಂಬ ಜೋಡಿ ಆಯ್ಕೆ ಇದೆ. ಸಂದೇಹವಿರುವ ಮರಿಗೂ ಮಾಸಿದ ಗರಿಯ ಹೆಣ್ಣಿಗೂ ಅದೇ ಸರಿಯಾದ ಉತ್ತರ. ಅದನ್ನು ಆರಿಸುವುದರಿಂದ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾದೀತು, ಆದರೆ ಮುಂದೆ ಆ ಮಾಹಿತಿಯನ್ನು ಬಳಸುವವರಿಗೆ ತಪ್ಪು ಲೆಕ್ಕ ಸಿಗುವುದಿಲ್ಲ. ಕಂದು ಕಳಿಂಗ, ಬೇ-ಬ್ಯಾಕ್ಡ್ ಅಥವಾ ಮಿಶ್ರತಳಿ ಎಂದು ಬರೆಯುವುದಾದರೆ ಬರೀ ಹೆಸರು ಸಾಲದು. ಬಾಲದ ಮೇಲ್ಭಾಗ-ಅಡಿಭಾಗಗಳ ಬಣ್ಣ, ರೆಕ್ಕೆಯಲ್ಲಿ ಮಚ್ಚೆ ಇತ್ತೇ ಇಲ್ಲವೇ, ವಯಸ್ಸು-ಲಿಂಗ ನಿರ್ಧರಿಸಿದ ಕಾರಣ, ತಿದ್ದದ ಮೂಲ ಫೋಟೋಗಳು, ಇಷ್ಟನ್ನೂ ಸೇರಿಸಬೇಕು. ಯುಎಇಯಲ್ಲಿ ಎಮಿರೇಟ್ಸ್ ಬರ್ಡ್ ರೆಕಾರ್ಡ್ಸ್ ಕಮಿಟಿ, ಒಮಾನಿನಲ್ಲಿ ಅಲ್ಲಿನ ದಾಖಲೆ ಸಮಿತಿ ಅಪರೂಪದ ಹಕ್ಕಿಗಳ ವರದಿಗಳನ್ನು ಪರಿಶೀಲಿಸುತ್ತವೆ.